ನನಗೆ ಅಳು ಬಾರದ ಸಿನಿಮಾ

ನಮ್ಮ ಮನೆಯ ಮಕ್ಕಳು ನನ್ನನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತಾರೆ, ಆದರೆ ಹೇಗಿತ್ತು ಎಂದು ಮಾತ್ರ ಕೇಳುವುದಿಲ್ಲ. ಕೇಳಿದರೆ ನಾನು ಏನು ಹೇಳುತ್ತೇನೆನ್ನುವುದು ಅವರಿಗೆ ಬಾಯಿಪಾಠ. "ಸೀರಿ ಚಲೋ ಇದ್ದುವು." ನಗಿಸುವ ಸಿನಿಮಾ ಇರಲಿ, ಹೊಡೆದಾಟದ ಸಿನಿಮಾ ಇರಲಿ, ನನ್ನ ಅಭಿಪ್ರಾಯ ಇದೊಂದೇ. ಮೊನ್ನೆ ಮೊಮ್ಮಗಳು ಕರೆದೊಯ್ದ ಸಿನಿಮಾದಲ್ಲಿ ಹುಡುಕಿದರೂ ಸೀರೆ ಉಟ್ಟವರೊಬ್ಬರೂ ಇರಲಿಲ್ಲ. ಹೊರಗೆ ಬರುವಾಗ ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತು, "ಅಜ್ಜೀ, ಇವತ್ತೇನ ಹೇಳ್ತಿ ನೋಡೂಣು" ಅಂದಳು. ನಾನು ಸ್ವಲ್ಪ ಹೊತ್ತು ಯೋಚಿಸಿ "ಕುದರಿ ಚಲೋ ಇದ್ದುವು" ಅಂದೆ. ಅವಳು ನಕ್ಕು ನಕ್ಕು ಅಲ್ಲೇ ಮೆಟ್ಟಿಲ ಮೇಲೆ ಕೂತಳು.

ಅವಳಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ಈ ಚಟ ನನಗೆ ಅಂಟಿದ್ದು ಹಳಿಯಾಳದಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ. ಊರಿಗೆ ಊರೇ ಹೊಗಳುತ್ತಿದ್ದ ಒಂದು ಸಿನಿಮಾ ನನಗೆ ಹಿಡಿಸಲಿಲ್ಲ. ಹಿಡಿಸಲಿಲ್ಲ ಅನ್ನುವುದು ಮರ್ಯಾದೆಯ ಮಾತಾಯಿತು. ಅದರ ಹೆಸರೆತ್ತಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹಾಗಂತ ಬಾಯಿಬಿಟ್ಟು ಹೇಳುವ ಧೈರ್ಯ ಹದಿನೇಳು ವರ್ಷದ ಸೊಸೆಗೆ ಎಲ್ಲಿಂದ ಬರಬೇಕು? ಕೇಳಿದವರಿಗೆಲ್ಲ ನಾಯಕಿಯ ಸೀರೆ ಹೊಗಳಿ ಪಾರಾದೆ. ಕಪ್ಪು ಬಿಳುಪಿನ ಸಿನಿಮಾದಲ್ಲಿ ಸೀರೆಗೆ ಯಾವ ಬಣ್ಣವಿತ್ತೆಂದು ಯಾರೂ ಕೇಳಲಿಲ್ಲ, ಅದು ನನ್ನ ಪುಣ್ಯ.

ನನ್ನ ತವರು ಮುಂಡಗೋಡದ ಕಡೆಯ ಇಂದೂರ. ಅಲ್ಲಿ ನಾವು ಆಡುತ್ತಿದ್ದದ್ದು ಕನ್ನಡ, ಕೇಳುತ್ತಿದ್ದದ್ದೂ ಕನ್ನಡ. ಹಳಿಯಾಳಕ್ಕೆ ಬಂದರೆ ಅರ್ಧ ಊರು ಮರಾಠಿ. ಬಾವಿಯ ಹತ್ತಿರ ಒಬ್ಬಳು ಕನ್ನಡದಲ್ಲಿ ಶುರು ಮಾಡಿದ ಮಾತನ್ನು ಇನ್ನೊಬ್ಬಳು ಮರಾಠಿಯಲ್ಲಿ ಮುಗಿಸುತ್ತಿದ್ದಳು. ನಾನು ಕೊಡ ಹಿಡಿದುಕೊಂಡು ಇಬ್ಬರ ಮುಖವನ್ನೂ ನೋಡಿ ನಗುತ್ತಿದ್ದೆ. ಮಾವ ಮಾಮಲೇದಾರ ಕಚೇರಿಯಲ್ಲಿ ಕಾರಕೂನರು. ನಮ್ಮವರು ದಾಂಡೇಲಿಯ ನಾಟಾ ಡಿಪೋದಲ್ಲಿ ತೇಗದ ದಿಮ್ಮಿಗಳಿಗೆ ನಂಬರು ಬರೆಯುತ್ತಿದ್ದರು. ಶನಿವಾರ ಯಾವುದಾದರೂ ಲಾರಿ ಹತ್ತಿ ಬಂದರೆ ಸೋಮವಾರ ಬೆಳಿಗ್ಗೆ ಹೊರಟೇಬಿಡುತ್ತಿದ್ದರು. ಹೀಗಾಗಿ ವಾರವಿಡೀ ಮನೆಯಲ್ಲಿ ನಾನು ಮತ್ತು ಅತ್ತೆ.

ಅತ್ತೆ ಕೆಟ್ಟವರಲ್ಲ, ಮಾತು ಕಡಿಮೆ ಅಷ್ಟೆ. ಆದರೆ ಮಾತು ಕಡಿಮೆಯಿದ್ದವರ ಜೊತೆ ದಿನ ಕಳೆಯುವುದು ನನ್ನಂಥ ಬಾಯಿಬಡುಕಿಗೆ ಎಂಥ ಶಿಕ್ಷೆ ಅನ್ನುವುದು ನಿಮಗೇನು ಗೊತ್ತು. ಅವರು ರೊಟ್ಟಿ ಬಡಿಯುತ್ತ ಸುಮ್ಮನೆ ಕೂತರೆ, ಬೆಳಗಿನಿಂದ ನಾನು ಮಾಡಿದ ತಪ್ಪುಗಳನ್ನೆಲ್ಲ ಮನಸ್ಸಿನಲ್ಲೇ ಒಂದೊಂದಾಗಿ ತೆಗೆದು ನೋಡಿಕೊಳ್ಳುತ್ತಿದ್ದೆ. ಹಾಲು ಉಕ್ಕಿಸಿದ್ದೇ? ಕಸಬರಿಗೆ ನಿಲ್ಲಿಸಿಟ್ಟದ್ದೇ? ಒಂದು ಸಲ ಏನೂ ಹೊಳೆಯದೆ, "ತಪ್ಪಾತ್ರಿ ಅತ್ತಿಯಾರ" ಅಂತ ಸುಮ್ಮನೆ ಹೇಳಿಬಿಟ್ಟೆ. ಅವರು ತಲೆಯೆತ್ತಿ ನೋಡಿ, "ಯಾಕವಾ, ಏನಾತು?" ಅಂದರು. ಅವರು ಉಪ್ಪಿನಕಾಯಿಗೆ ಸಾಸಿವೆ ಎಷ್ಟು ಬೇಕೆಂದು ಯೋಚಿಸುತ್ತಿದ್ದರಂತೆ.

ಆ ವರ್ಷ ಬೇಸಿಗೆಯಲ್ಲಿ ಸಂತೆ ಬಯಲಿನಲ್ಲಿ ಟಾಕಿಯ ತಂಬು ಎದ್ದಿತು. ಒಳಗೆ ಉಸುಕು ಹಾಸಿದ ನೆಲ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ನಡುವೆ ಗೋಣಿತಾಟಿನ ಪರದೆ. ತಂಬಿನ ಹಿಂದೆ ಎಂಜಿನು. ಅದನ್ನು ನೋಡಿಕೊಳ್ಳುತ್ತಿದ್ದವರು ಊರಿನ ಮಿಸ್ತ್ರಿ ಮೆಹಬೂಬಸಾಬರು. ನಾಯಕಿ ಅಳುವಾಗಲೇ ಆ ಎಂಜಿನಿಗೆ ದಮ್ಮು ಹತ್ತುತ್ತಿತ್ತು. ಅವಳ ದನಿ ಇಳಿಯುತ್ತ ಇಳಿಯುತ್ತ ಗಂಡಸಿನ ದನಿಯಾಗಿ, ಎಮ್ಮೆಯ ದನಿಯಾಗಿ ನಿಂತುಹೋಗುತ್ತಿತ್ತು. ಮಿಸ್ತ್ರಿ ಎರಡು ಒದೆ ಕೊಟ್ಟರೆ ಮತ್ತೆ ಎಮ್ಮೆಯಿಂದ ಶುರುವಾಗಿ ಹೆಣ್ಣಾಗುತ್ತಿತ್ತು. ಇಷ್ಟಾದರೂ ಜನರ ಅಳು ನಡುವೆ ನಿಲ್ಲುತ್ತಿರಲಿಲ್ಲ. ಎಂಥಾ ಭಕ್ತಿ ನೋಡಿ.

ಸಿನಿಮಾದ ಹೆಸರು ಬೇಡ. ನಮ್ಮ ಊರಲ್ಲಿ ಯಾರೂ ಆ ಹೆಸರು ಹೇಳುತ್ತಲೂ ಇರಲಿಲ್ಲ, "ಯಮುನಾನ ಸಿನಿಮಾ" ಅಂದರೆ ಸಾಕಾಗಿತ್ತು. ಅದು ಮರಾಠಿ ಸಿನಿಮಾ. ಯಮುನಾ ಬಡವರ ಮನೆಯ ಹುಡುಗಿ, ದೊಡ್ಡ ಮನೆಗೆ ಸೊಸೆಯಾಗಿ ಬರುತ್ತಾಳೆ. ಅತ್ತೆ ಅವಳಿಗೆ ಕೊಡದ ಕಾಟವಿಲ್ಲ, ಅವಳು ಸಹಿಸದ ಕಾಟವಿಲ್ಲ. ನಡುವೆ ನಾಗರ ಪಂಚಮಿ ಬರುತ್ತದೆ. ಹಬ್ಬಕ್ಕೆ ತವರಿಗೆ ಕರೆಯಲು ಅಣ್ಣ ಬಂದು ಹೊಸ್ತಿಲ ಆಚೆ ನಿಲ್ಲುತ್ತಾನೆ. ಯಮುನಾ ಬಾಗಿಲ ಚೌಕಟ್ಟಿಗೆ ಒಂದು ಕೈ ಕೊಟ್ಟು, ಮುಖ ಅರ್ಧ ತಿರುಗಿಸಿ, ಗಂಡನ ಮನೆಯ ಹೊಸ್ತಿಲೇ ನನಗೆ ತೀರ್ಥಕ್ಷೇತ್ರ, ತವರಿಗೆ ನಾನು ಬರುವುದಿಲ್ಲ, ಹೋಗು ಅಂತ ಹೇಳುತ್ತಾಳೆ. ಅಣ್ಣ ಒಂದೂ ಮಾತಾಡದೆ ತಿರುಗಿ ನಡೆಯುತ್ತಾನೆ. ಉದ್ದ ರಸ್ತೆ, ಸಣ್ಣಗಾಗುತ್ತ ಹೋಗುವ ಅಣ್ಣ. ತಂಬಿನಲ್ಲಿ ಹೆಂಗಸರು ಹೋ ಎಂದು ಅಳುತ್ತಿದ್ದರು. ಪರದೆಯ ಆಚೆ ಗಂಡಸರೂ ಮೂಗು ಸೀನುವುದು ಕೇಳುತ್ತಿತ್ತು. ಕೊನೆಯ ರೀಲಿನಲ್ಲಿ ಕೆಟ್ಟ ಅತ್ತೆ ಯಮುನಾಳ ಕಾಲು ಹಿಡಿಯುತ್ತಾಳೆ, ಮೇಲಿನಿಂದ ಹೂವು ಬೀಳುತ್ತವೆ.

ನನಗೆ ಅಳು ಬರಲಿಲ್ಲ. ಬರುವುದಾದರೂ ಹೇಗೆ? ಪಂಚಮಿಗೆ ತವರಿಗೆ ಹೋಗುವ ದಿನವನ್ನು ನಾನು ಕ್ಯಾಲೆಂಡರಿನಲ್ಲಿ ಮಸಿಯಿಂದ ಗುರುತು ಮಾಡಿಕೊಂಡು ಕೂತಿದ್ದೆ. ಮದುವೆಯಾದ ವರ್ಷ ಹೋಗಲು ಆಗಿರಲಿಲ್ಲ. ಪಂಚಮಿಗೆ ನಾಲ್ಕು ದಿನ ಇರುವಾಗ ಮಾವನಿಗೆ ಚಳಿಜ್ವರ ಬಂದು, ನಾಲ್ಕು ಕಂಬಳಿ ಹೊದಿಸಿದರೂ ಗಡಗಡ ನಡುಗಿದರು. ಅವರನ್ನು ಬಿಟ್ಟು ಹೋಗುವುದು ಹೇಗೆ? ಈ ವರ್ಷ ತಪ್ಪಿದರೆ ಎರಡು ವರ್ಷವಾಗುತ್ತಿತ್ತು. ಇಂದೂರದ ನಮ್ಮ ಮನೆಯ ಹಿಂದಿನ ಹುಣಸೆಮರಕ್ಕೆ ಜೋಕಾಲಿ ಕಟ್ಟುವುದು, ಅವ್ವ ಕಟ್ಟುವ ಶೇಂಗಾ ಉಂಡಿ, ಎಳ್ಳುಂಡಿ, ಇವನ್ನೆಲ್ಲ ನೆನೆದು ನಾನು ತಿಂಗಳುಗಟ್ಟಲೆ ಬಾಯಲ್ಲಿ ನೀರೂರಿಸಿಕೊಂಡಿರುವಾಗ, ಈ ಯಮುನಾ ಎನ್ನುವವಳು ಬಂದ ಅಣ್ಣನನ್ನು ಕಳಿಸುತ್ತಾಳೆ, ಜನ ಅದನ್ನು ನೋಡಿ ಕೈ ಮುಗಿಯುತ್ತಾರೆ. ನೀವೇ ಹೇಳಿ, ನಾನು ಅಳಬೇಕೋ, ಎದ್ದು ಹೋಗಿ ಸಿನಿಮಾದ ಪರದೆ ಹರಿಯಬೇಕೋ?

ಪಕ್ಕದಲ್ಲಿ ಕೂತಿದ್ದ ಎದುರುಮನೆಯ ಸುಮಿತ್ರಾ ನನ್ನ ಕಣ್ಣು ಒಣಗಿದ್ದನ್ನು ನೋಡಿಬಿಟ್ಟಳು. ಅವಳು ನೋಡಿದರೆ ಓಣಿಯೇ ನೋಡಿದ ಹಾಗೆ. ಮರುದಿನ ಅದು ಮಾವನ ಕಿವಿಗೂ ಬಿತ್ತು. ಮಾವನಿಗೆ ಆ ಸಿನಿಮಾ ಅಂದರೆ ಪ್ರಾಣ. ಪುಣೆಯಿಂದ ಬರುವ ಪತ್ರಿಕೆಯಲ್ಲೂ ಧಾರವಾಡದ ವಾರಪತ್ರಿಕೆಯಲ್ಲೂ ಅದನ್ನು ಹೊಗಳಿ ಬರೆದದ್ದನ್ನು ಕತ್ತರಿಸಿ ಪಂಚಾಂಗದೊಳಗೆ ಇಟ್ಟುಕೊಂಡಿದ್ದರು. ಅವರು ಬಹಳ ಯೋಚನೆ ಮಾಡಿ, "ಅಕೀದೇನೂ ತಪ್ಪಿಲ್ಲ. ಅಕಿಗೆ ಮರಾಠಿ ತಿಳಿಯೂದಿಲ್ಲ. ಇನ್ನೊಮ್ಮೆ ತೋರಿಸೂಣು" ಎಂದು ತೀರ್ಪು ಕೊಟ್ಟರು.

ಎರಡನೆಯ ಸಲ ಹೋದೆವು. ಮಾವ ಪರದೆಯ ಆ ಕಡೆ, ನಾನು ಅತ್ತೆ ಈ ಕಡೆ. ಯಮುನಾ ಬಾಯಿ ತೆರೆದಾಗಲೆಲ್ಲ ಮಾವ ಅಲ್ಲಿಂದಲೇ ಕೂಗತೊಡಗಿದರು. "ಕೇಳತೇನ? ಈಗ ಅಕಿ ಏನಂದ್ಲಂದ್ರ, ಅತ್ತಿ ಬೈದದ್ದೂ ನನಗ ಆಶೀರ್ವಾದ ಅಂದ್ಲು. ಶಾಂತಾಗ ಹೇಳು!" ಶಾಂತಾ ಅಂದರೆ ನಾನು, ಹೇಳಬೇಕಾದವರು ಅತ್ತೆ. ಜನ ಸುಮ್ಮನಿರಿ ಸುಮ್ಮನಿರಿ ಎಂದು ಗದರಿಸಿದರೂ ಅವರು ಬಿಡಲಿಲ್ಲ. ಅತ್ತೆ ಮಾತ್ರ ನನಗೆ ಒಂದು ಅಕ್ಷರವನ್ನೂ ಹೇಳಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಪರದೆಯ ಮೇಲಿನ ಆ ರಸ್ತೆಯನ್ನೇ ನೋಡುತ್ತ ಕೂತಿದ್ದರು. ಅವರಿಗೆ ಅಷ್ಟು ಹಿಡಿಸಿದ ಸಿನಿಮಾ ನನಗೆ ಹಿಡಿಸಲಿಲ್ಲ ಅಂದರೆ ನನ್ನ ಗತಿಯೇನು ಅಂತ ನನಗೆ ಹೆದರಿಕೆಯಾಯಿತು. ಆ ಬೇಸಿಗೆಯಲ್ಲಿ ಅವರು ಆ ಸಿನಿಮಾವನ್ನು ಐದು ಸಲ ನೋಡಿದರು.

ಮೂರನೆಯ ಸಲ ಕರೆದಾಗ ನಾನು ತಯಾರಿ ಮಾಡಿಕೊಂಡೇ ಹೋದೆ. ಒಂದು ಉಳ್ಳಾಗಡ್ಡಿಯನ್ನು ಜಜ್ಜಿ ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡೆ. ಅಣ್ಣ ಹೊಸ್ತಿಲಿಗೆ ಬಂದ ಕೂಡಲೇ ಗಂಟನ್ನು ಕಣ್ಣಿಗೆ ಒತ್ತಿದೆ. ಏನೂ ಆಗಲಿಲ್ಲ. ಇನ್ನಷ್ಟು ಒತ್ತಿದೆ. ಅಣ್ಣ ಹೋದ, ರಸ್ತೆ ಮುಗಿಯಿತು, ಅಡಿಗೆಯವನ ಹಾಸ್ಯದ ಭಾಗ ಬಂತು, ಆಗ ಹತ್ತಿತು ನೋಡಿ ಉರಿ. ತಂಬೆಲ್ಲ ಬಿದ್ದು ಬಿದ್ದು ನಗುತ್ತಿದೆ, ನಾನೊಬ್ಬಳು ಮಳೆಗಾಲದ ಹೊಳೆಯಾಗಿ ಕೂತಿದ್ದೇನೆ. ಮೂಗು ಬೇರೆ ಸೋರುತ್ತಿದೆ. ಅತ್ತೆ ಒಮ್ಮೆ ತಿರುಗಿ, "ಏನೋ ವಾಸನಿ ಬರಾಕತ್ತೈತಲ್ಲ" ಅಂದರು. ನಾನು ಗಂಟನ್ನು ಉಸುಕಿನಲ್ಲಿ ಹೂತುಬಿಟ್ಟೆ.

ಸುಮಿತ್ರಾ ಇದನ್ನೂ ನೋಡಿದಳು. "ಯಮುನಾನ ದುಃಖ ಇಕಿ ಎದಿಯೊಳಗ ಎಷ್ಟು ಇಳದೈತಿ ನೋಡ್ರಿ, ನಗೂ ಹೊತ್ತಿನ್ಯಾಗೂ ಅಳತಾಳ" ಅಂತ ಓಣಿಯಲ್ಲಿ ಸಾರಿದಳು. ಒಂದೇ ದಿನದಲ್ಲಿ ನನ್ನ ಮಾನ ಏರಿತು. ಹಿರಿಯ ಹೆಂಗಸರು ಬಾವಿಯ ಹತ್ತಿರ ನನ್ನ ಗಲ್ಲ ಸವರಿ ಲಟಿಕೆ ಮುರಿದರು. ಅವರಲ್ಲೊಬ್ಬರು ಅತ್ತೆಗೆ, "ನಿಮ್ಮ ಸೊಸಿ ಈ ಸಲ ಪಂಚಮಿಗೆ ತವರಿಗೆ ಹೋಗೂದಿಲ್ಲ ತಗೋರಿ, ಅಂಥಾ ಹುಡುಗಿ ಅಕಿ" ಅಂದರು. ಅತ್ತೆ "ಹೌದಾ?" ಅಂದು ಕೊಡ ಎತ್ತಿಕೊಂಡು ನಡೆದರು. ನನ್ನ ಉಳ್ಳಾಗಡ್ಡಿ ನನ್ನ ಕೊರಳಿಗೇ ಬಂದಿತ್ತು.

ಮಳೆ ಹಿಡಿಯಿತು, ತಂಬು ಬಿಚ್ಚಿತು. ಸಿನಿಮಾ ಹೋಯಿತು ಅಂದುಕೊಂಡರೆ ಅದು ಓಣಿಯಲ್ಲೇ ಉಳಿದಿತ್ತು. ಶ್ರಾವಣ ಹತ್ತಿರ ಬಂದಂತೆ ಅಣ್ಣಂದಿರು ಬರತೊಡಗಿದರು, ಸೊಸೆಯರು ಅವರನ್ನು ಹೊಸ್ತಿಲಿನಿಂದಲೇ ಕಳಿಸತೊಡಗಿದರು. ಯಾವ ಅತ್ತೆಯೂ ಹೋಗಬೇಡ ಅನ್ನಲಿಲ್ಲ. ಅನ್ನುವ ಜರೂರೇ ಇರಲಿಲ್ಲ, ಹೋದವಳು ಓಣಿಯವರ ಕಣ್ಣಲ್ಲಿ ಹಗುರಾಗುತ್ತಿದ್ದಳು. ಮೊದಲು ಸುಮಿತ್ರಾ. ಚೌಕಟ್ಟಿಗೆ ಕೈ ಕೊಟ್ಟು, ಮುಖ ಅರ್ಧ ತಿರುಗಿಸಿ, ಥೇಟ್ ಹಾಗೇ ಹೇಳಿದಳು. ಎಲ್ಲರೂ ಭೇಷ್ ಅಂದರು. ಆಮೇಲೆ ಅವಳು ದನದ ಕೊಟ್ಟಿಗೆಯಲ್ಲಿ ಎಮ್ಮೆಯ ಕೊರಳು ತಬ್ಬಿಕೊಂಡು ಅಳುವುದನ್ನು ನಾನು ಹಿತ್ತಲಿನಿಂದ ನೋಡಿದೆ. ಮೂಲೆಮನೆಯ ಸೊಸೆಯ ಅಣ್ಣ ಅಳ್ನಾವರದವನು. ಅವನು ಅಲ್ಲಿ ಸಿನಿಮಾ ನೋಡಿಯೇ ಬಂದಿದ್ದನೆಂದು ಕಾಣುತ್ತದೆ. ತಂಗಿ ಬಾಗಿಲಿಗೆ ಬಂದು ಬಾಯಿ ತೆರೆಯುವ ಮೊದಲೇ ಕಣ್ಣೊರೆಸಿಕೊಂಡು ಹೊರಟುಬಿಟ್ಟ. ಆ ಹುಡುಗಿ ಹೋಗುವವಳಿದ್ದಳೋ ಏನೋ, ಅವಳನ್ನು ಯಾರೂ ಕೇಳಲಿಲ್ಲ.

ನನ್ನ ಅಣ್ಣನ ಕಾಗದವೂ ಬಂತು. ಮಾವ ಅದನ್ನು ದೊಡ್ಡದಾಗಿ ಓದಿದರು. ಬುಧವಾರ ಬರುತ್ತಾನೆ, ಗುರುವಾರ ಬೆಳಿಗ್ಗೆ ಕರೆದುಕೊಂಡು ಹೋಗುತ್ತಾನೆ, ಅವ್ವ ದಾರಿ ಕಾಯುತ್ತಿದ್ದಾಳೆ. ಓದಿ ಮುಗಿಸಿ ಕನ್ನಡಕ ತೆಗೆದು ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಅಕ್ಕಿ ಆರಿಸುತ್ತಲೇ, "ನಿನ್ನ ಮನಸಿಗೆ ಬಂದಂಗ ಮಾಡವಾ" ಅಂದರು. ಇದಕ್ಕೆ ಏನರ್ಥ? ಹೋಗು ಅಂತಲೋ, ಹೋದರೆ ನೋಡು ಅಂತಲೋ? ಶನಿವಾರ ನಮ್ಮವರು ಬಂದಾಗ ಕೇಳಿದೆ. ಸಾವಿರ ದಿಮ್ಮಿಗಳ ನಂಬರು ಬಾಯಲ್ಲಿ ಹೇಳುವ ಗಂಡಸು ಅರ್ಧ ಗಂಟೆ ಯೋಚಿಸಿ, "ಅವ್ವನ್ನ ಕೇಳು" ಅಂದರು. ಹೋಗಬೇಕೆಂದರೆ ಹೋಗಬಹುದಿತ್ತು, ಯಾರೂ ಕಾಲು ಕಟ್ಟಿರಲಿಲ್ಲ. ಆದರೆ ತಿರುಗಿ ಬಂದ ಮೇಲೆ ಅದೇ ಅಡಿಗೆಮನೆಯಲ್ಲಿ ಅದೇ ಮೌನದ ಮುಂದೆ ಕೂರಬೇಕಲ್ಲ.

ಬುಧವಾರ ಮಧ್ಯಾಹ್ನ ಅಣ್ಣ ಬಂದ. ಪೆಟ್ರೋಲು ಸಿಗದ ಕಾಲ, ಇದ್ದಲಿ ಗ್ಯಾಸಿನ ಮೋಟಾರಿನಲ್ಲಿ ಬಂದು ಮುಖವೆಲ್ಲ ಕರಿ, ಅದರ ಮೇಲೆ ಮಳೆಹನಿ ಇಳಿದು ಗೆರೆ ಗೆರೆ. ಕೈಯಲ್ಲಿ ಬುತ್ತಿಯ ಗಂಟು. ಜಿಟಿಜಿಟಿ ಮಳೆಯಿದ್ದರೂ ಓಣಿಯ ಹೆಂಗಸರು ತಮ್ಮ ತಮ್ಮ ಕಟ್ಟೆಯ ಮೇಲೆ ಬಂದು ನಿಂತರು. ಟಿಕೀಟಿಲ್ಲದ ಆಟ, ಯಾರು ಬಿಡುತ್ತಾರೆ? ನಾನು ಒಳಗಿನಿಂದ ಓಡಿಬಂದೆ. ಹೊಸ್ತಿಲಿಗೆ ಬರುತ್ತಲೇ ನನ್ನ ಬಲಗೈ ತಾನಾಗಿ ಹೋಗಿ ಚೌಕಟ್ಟನ್ನು ಹಿಡಿಯಿತು. ದೇವರಾಣೆ, ನಾನು ಹಿಡಿಯಲಿಲ್ಲ. ಮೂರು ಸಲ ನೋಡಿದ ಫಲ ಅದು.

"ಚಲೋ ಅದೀ ಶಾಂತಾ? ಬಟ್ಟಿ ಕಟ್ಟಿಕೊಂಡೀಯಿಲ್ಲೋ?" ಅಂದ ಅಣ್ಣ, ನಗುತ್ತ. ಅವನಿಗೆ ಏನೂ ಗೊತ್ತಿರಲಿಲ್ಲ. ಇಂದೂರಕ್ಕೆ ಇನ್ನೂ ಯಮುನಾ ಬಂದಿರಲಿಲ್ಲ. ಎದುರು ಕಟ್ಟೆಯ ಮೇಲೆ ಸುಮಿತ್ರಾಳ ಕಣ್ಣು ನನ್ನ ಕೈಯ ಮೇಲಿತ್ತು. ಬರುತ್ತೇನೆ ಅನ್ನಲು ಧೈರ್ಯವಿಲ್ಲ, ಬರುವುದಿಲ್ಲ ಅನ್ನಲು ಮನಸ್ಸಿಲ್ಲ. ಅಣ್ಣನ ನಗು ಮೆಲ್ಲಗೆ ಆರತೊಡಗಿತು. ಗಂಟನ್ನು 'ಈಗ ಎಲ್ಲಿಡಲಿ' ಎನ್ನುವ ಹಾಗೆ ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ.

ಆಗ ಹಿಂದಿನಿಂದ ಅತ್ತೆಯ ದನಿ ಬಂತು. ಅಷ್ಟು ದೊಡ್ಡ ದನಿ ಅವರಿಗಿದೆಯೆಂದೇ ನನಗೆ ಗೊತ್ತಿರಲಿಲ್ಲ. "ಬಾಗಲಾ ಬಿಟ್ಟು ಸರಿಯವಾ! ಮಳ್ಯಾಗ ಬಂದ ಮನಷ್ಯಾ ಒಳಗ ಬರೂದು ಬ್ಯಾಡೇನು? ಬಾ ತಮ್ಮಾ, ಕಾಲ ತೊಳಕೋ." ಕೈಯಲ್ಲಿ ತಂಬಿಗೆ ತುಂಬ ಬಿಸಿನೀರು. ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ ಅಣ್ಣನ ಕೈಗೆ ತಂಬಿಗೆ ಕೊಟ್ಟರು, ಒರೆಸಿಕೊಳ್ಳಲು ತಮ್ಮ ಸೆರಗನ್ನೇ ಕೊಡುವವರಂತೆ ಮುಂದಾಗಿ, ಆಮೇಲೆ ನೆನಪಾಗಿ ಪಂಚೆ ತಂದರು. ಐದು ನಿಮಿಷದಲ್ಲಿ ಅಣ್ಣ ಒಲೆಯ ಮುಂದೆ ಕೂತಿದ್ದ, ಅವನ ತಾಟಿನಲ್ಲಿ ರೊಟ್ಟಿ, ಹೆಸರುಕಾಳಿನ ಪಲ್ಯ, ಮೇಲೆ ಬೆಣ್ಣೆ.

ರೊಟ್ಟಿ ಬಡಿಯುತ್ತ ಬಡಿಯುತ್ತ ಅತ್ತೆ ಒಮ್ಮೆಲೇ ಹೇಳಿದರು. "ಐದು ಸಲ ನೋಡೇನಿ ಆ ಸಿನಿಮಾ. ಐದೂ ಸಲ ಆ ಹುಡುಗಿ ಅಣ್ಣಗ ಒಂದು ತಂಬಿಗಿ ನೀರ ಕೊಡಲಿಲ್ಲ."

ನಾನು ಬಿಟ್ಟ ಕಣ್ಣು ಬಿಟ್ಟ ಹಾಗೇ ನಿಂತೆ. "ಮತ್ತ ಯಾಕ ಐದು ಸಲ ನೋಡಿದ್ರಿ ಅತ್ತಿಯಾರ?"

"ಈ ಸಲರ ಕೊಟ್ಟಾಳೇನೋ ಅಂತ."

ಅಣ್ಣನಿಗೆ ತಲೆಬುಡ ತಿಳಿಯಲಿಲ್ಲ. ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿದ. ಅತ್ತೆ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದರು. "ನಮ್ಮಣ್ಣನೂ ಒಂದು ವರ್ಷ ಹಿಂಗ ಬಂದಿದ್ದ. ನಿಮ್ಮ ಮಾವನ ಅವ್ವ ಬಾಗಲದಾಗ ನಿಂತು, ಕೆಲಸ ಭಾಳ ಐತಿ, ಕಳಸೂದಿಲ್ಲ ಅಂದ್ಲಂತ. ನಾ ಒಳಗ ಬೀಸಾಕತ್ತಿದ್ದೆ. ಬೀಸೂ ಸಪ್ಪಳದಾಗ ಅವ ಬಂದದ್ದೂ ನನಗ ಕೇಳಲಿಲ್ಲ, ಹೋದದ್ದೂ ಕೇಳಲಿಲ್ಲ. ಮುಂದ ಅವ ಬರಲೇ ಇಲ್ಲ." ರೊಟ್ಟಿ ತಿರುವಿ ಹಾಕಿ, "ಆ ಸಿನಿಮಾದಾಗ ಅವ ಹೊಳ್ಳಿ ಹೋಗತಾನಲ್ಲ, ಆ ರಸ್ತೆ ನೋಡಿ ಅಳೂ ಬರತಿತ್ತು" ಅಂದರು.

"ಹಂಗಾರ ನನಗ ಹೋಗು ಅಂತ ಯಾಕ ಅನಲಿಲ್ರಿ?"

"ಪೇಪರಿನಾಗ ಚಲೋ ಅಂತ ಬರದಾರ, ಓಣಿ ಮಂದಿ ಚಲೋ ಅಂತಾರ. ನಾ ಓದಾಕ ಬರದಾಕಿ, ನನಗೇನ ತಿಳೀತೈತಿ ಅಂತ ಸುಮ್ಮಕಿದ್ದೆ. ಮ್ಯಾಲೆ ನೀ ನೋಡಿದ್ರ ನಗೂ ಹೊತ್ತಿನ್ಯಾಗೂ ಅಳಾಕ ಹತ್ತಿದಿ. ನಿನಗ ಹೋಗೂ ಮನಸ ಇಲ್ಲ ಅಂತ ತಿಳದೆ. ನಾ ಹೋಗು ಅಂದ್ರ ಮನಿಯಿಂದ ಹೊರಗ ಹಾಕಿದಂಗ ಅಕ್ಕೈತೇನೋ ಅಂತ ಹೆದರಿಕಿ ನನಗ."

ನನಗೆ ಅವರು ಹೆದರುವುದೇ! ನಾನು ಉಳ್ಳಾಗಡ್ಡಿಯ ಕತೆಯನ್ನು ಪೂರ್ತಿ ಹೇಳಿದೆ. ಅತ್ತೆ ಕೇಳುತ್ತ ಕೇಳುತ್ತ ಹಿಟ್ಟಿನ ಕೈಯನ್ನು ಬಾಯಿಗೆ ಅಡ್ಡ ಹಿಡಿದು ನಗತೊಡಗಿದರು. ಮೂಗಿಗೆ, ಗಲ್ಲಕ್ಕೆ ಹಿಟ್ಟು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಎದ್ದರೂ ಎತ್ತಲಿಲ್ಲ. ಎರಡು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿಯಿತು ನೋಡಿ. ನಾನೂ ನಕ್ಕೆ, ಏನೂ ತಿಳಿಯದ ಅಣ್ಣನೂ ನಕ್ಕ.

ಸಂಜೆ ಮಾವ ಕಚೇರಿಯಿಂದ ಬಂದಾಗ ಅತ್ತೆ ಚಹದ ಬಟ್ಟಲನ್ನು ಅವರ ಮುಂದಿಟ್ಟು, "ಆ ಸಿನಿಮಾ ನನಗ ಸೇರಲಿಲ್ಲ" ಅಂದರು. ಮಾವ ಹೌಹಾರಿದರು. "ಪುಣೆ ಪೇಪರಿನವರು ಅಷ್ಟು ಹೊಗಳ್ಯಾರ" ಎಂದರು. "ಅವರ ತಂಗೀನ್ನ ಕರಿಯಾಕ ಹೋಗಿ ನೀರಿಲ್ಲದ ಬಂದಿದ್ರ ತಿಳೀತಿತ್ತು" ಎಂದರು ಅತ್ತೆ. ಮಾವ ಚಹವನ್ನು ಪೂರ್ತಿ ಕುಡಿದರು. ಆಮೇಲೆ ಬಟ್ಟಲು ಕೆಳಗಿಟ್ಟು, "ದಿಗ್ದರ್ಶಕ ಅಲ್ಲೊಂದು ತಂಬಿಗಿ ಇಡಸಬೇಕಾಗಿತ್ತು, ಖರೆ" ಎಂದು ಒಪ್ಪಿಕೊಂಡರು. ಅತ್ತೆ ಅಷ್ಟಕ್ಕೇ ಬಿಡಲಿಲ್ಲ, ಎದುರುಮನೆಗೆ ಹೋಗಿ ಸುಮಿತ್ರಾಳ ಅತ್ತೆಗೂ ಇದನ್ನೇ ಹೇಳಿ ಬಂದರು. ಆ ಮನೆಯವರೂ ಯಾರಾದರೂ ಮೊದಲು ಹೀಗೆ ಅನ್ನಲಿ ಎಂದು ದಾರಿ ಕಾಯುತ್ತಿದ್ದರೆಂದು ಕಾಣುತ್ತದೆ. ಮರುದಿನ ಬೆಳಿಗ್ಗೆ ನಾನು ಮೋಟಾರು ಹತ್ತುವಾಗ ಸುಮಿತ್ರಾಳೂ ತವರಿಗೆ ಹೊರಟು ಗಂಡನ ಜೊತೆ ಅದೇ ಮೋಟಾರಿನಲ್ಲಿ ಕೂತಿದ್ದಳು. ನನ್ನನ್ನು ನೋಡಿ ನಾಚಿ, ಕಿಟಕಿಯ ಹೊರಗೆ ಮುಖ ಮಾಡಿದಳು.

ಏರು ಬಂದಲ್ಲೆಲ್ಲ ಇಳಿದು, ಎರಡು ಮೋಟಾರು ಬದಲಿಸಿ, ಕೊನೆಗೆ ಚಕ್ಕಡಿಯಲ್ಲಿ ಇಂದೂರ ಸೇರಿದಾಗ ದೀಪ ಹಚ್ಚುವ ಹೊತ್ತು. ಮರುದಿನ ಅವ್ವ ಉಂಡಿ ಕಟ್ಟುತ್ತಿದ್ದಳು, ನಾನು ಕಟ್ಟಿದ್ದನ್ನು ತಿನ್ನುತ್ತಿದ್ದೆ. ಅಣ್ಣನ ಹೆಂಡತಿ ಪಾರ್ವತಿ ವೈನಿ ಮೊರದಲ್ಲಿ ಎಳ್ಳು ಹಸನು ಮಾಡುತ್ತ ಮೂಲೆಯಲ್ಲಿ ಕೂತಿದ್ದಳು. ನನಗಿಂತ ಒಂದೆರಡು ವರ್ಷಕ್ಕೆ ದೊಡ್ಡವಳು. ಅವಳ ತವರು ಪಾಳಾ, ಚಕ್ಕಡಿ ಹೂಡಿದರೆ ಮಧ್ಯಾಹ್ನದೊಳಗೆ ಮುಟ್ಟುವಷ್ಟು ಹತ್ತಿರ.

ಅವ್ವ ಕೇಳಿದಳು, "ಶಾಂತಾ, ಅದೇನೋ ಯಮುನಾನ ಸಿನಿಮಾ ಅಂತಲ್ಲ, ದಸರಾ ಮುಗದ ಮ್ಯಾಲೆ ಮುಂಡಗೋಡಕ್ಕ ಬರತೈತಂತ. ಹುಡುಗಿ ತವರಿಗೆ ಒಲ್ಲೆ ಅಂತಾಳಂತ. ಭಾಳ ಚಲೋ ಐತಂತ, ಹೌದಾ? ನಮ್ಮ ಪಾರ್ವತೀನ್ನೂ ಕರಕೊಂಡ ಹೋಗಿ ತೋರಿಸಬೇಕಂತ ಮಾಡೇನಿ."

ಮೊರದ ಸಪ್ಪಳ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ನಾನು ವೈನಿಯ ಕಡೆ ತಿರುಗಿದೆ. "ವೈನಿ, ನೀವು ಪಾಳಾಕ್ಕ ಯಾವಾಗ ಹೊಂಟೀರಿ?"

"ಈ ವರ್ಷ ಇಲ್ರಿ ಶಾಂತವ್ವಾ. ನೀವು ಬಂದೀರಲ್ಲ, ಮನ್ಯಾಗ ಒಬ್ಬರು ಬೇಕು."

"ಹೋದ ವರ್ಷ ಹೋಗಿದ್ರಲ್ಲ?"

"ಹೋದ ವರ್ಷ ನೀವು ಬರತೀರಂತ ಇಲ್ಲೇ ಇದ್ದೆ."

"ಆದರ ನಾ ಬರಲಿಲ್ಲಲ್ರಿ."

"ಹೌದ್ರಿ. ಬರಲಿಲ್ಲ" ಅಂದಳು ವೈನಿ. ಅದರಲ್ಲಿ ಸಿಟ್ಟಿರಲಿಲ್ಲ. ಎಳ್ಳಿನಲ್ಲಿ ಸಿಕ್ಕ ಒಂದು ಹರಳನ್ನು ತೆಗೆದು ಪಕ್ಕಕ್ಕೆ ಹಾಕಿದಳು.

ಕೈಯಲ್ಲಿದ್ದ ಉಂಡಿಯನ್ನು ತಿರುಗಿ ತಾಟಿನಲ್ಲಿಟ್ಟೆ. ಮೂರು ಸಲ ಆ ಸಿನಿಮಾ ನೋಡಿ ಯಮುನಾಳನ್ನು ಬೈದುಕೊಂಡದ್ದೇ ಬೈದುಕೊಂಡದ್ದು, ಆ ಅಣ್ಣನಿಗೂ ಮನೆಯಲ್ಲಿ ಒಬ್ಬಳು ಹೆಂಡತಿಯಿರಬಹುದು, ನಾದಿನಿಗಾಗಿ ಒಲೆ ಹಚ್ಚಿ ಕೂತಿರಬಹುದು ಅನ್ನುವುದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಐದು ಸಲ ನೋಡಿದ ಅತ್ತೆಗೂ ಹೊಳೆದಿರಲಿಲ್ಲ.

"ಅವ್ವಾ, ಆ ಸಿನಿಮಾ ಒಟ್ಟ ಚಲೋ ಇಲ್ಲ" ಅಂದೆ. ಅದನ್ನು ಅಷ್ಟು ದೊಡ್ಡದಾಗಿ ಹೇಳಿದ್ದು ಅದೇ ಮೊದಲು, ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ತಂಗೀನ್ನ ಕರಿಯಾಕ ಅಣ್ಣ ಬರೂದನ್ನ ತೋರಿಸ್ಯಾರ. ಆ ಅಣ್ಣನ ಹೆಂಡತೀನ್ನ ಯಾರ ಕರಿಯಾಕ ಬಂದ್ರು ಅನ್ನೂದನ್ನ ತೋರಿಸೇ ಇಲ್ಲ."

ಅವ್ವನ ಕೈಯಲ್ಲಿ ಅರ್ಧ ಕಟ್ಟಿದ ಉಂಡಿ ಹಾಗೇ ಉಳಿಯಿತು. "ನಾವ ಬರೂದು ಬ್ಯಾಡ ಅಂತ ಹೇಳಿ ಕಳಿಸೇವಿ, ಯಾರ ಬರತಾರ?" ಎಂದಳು ಸಣ್ಣ ದನಿಯಲ್ಲಿ. "ಅಕಿ ಹೋದ್ರ ಅಡಗಿ?"

"ನಾ ಮಾಡತೇನಿ."

"ನೀ ತವರಿಗೆ ಬಂದಾಕಿ!"

"ವೈನೀನೂ ತವರಿಗೆ ಹೋಗಲಿ" ಎಂದೆ. ಅಣ್ಣ ಅಂಗಳದಲ್ಲಿ ಎತ್ತಿಗೆ ನೀರು ಕುಡಿಸುತ್ತಿದ್ದ. ಇದನ್ನು ಕೇಳಿ ಎತ್ತುಗಳನ್ನು ಚಕ್ಕಡಿಯ ಕಡೆ ತಿರುಗಿಸಿದ.

ವೈನಿ ಸೀರೆ ಬದಲಿಸಿದ್ದೆಷ್ಟು ಬೇಗ! ಚಕ್ಕಡಿ ಹತ್ತಿ ಕೂತವಳು ಎರಡು ಸಲ ಇಳಿದು ಬಂದಳು. ಮೊದಲ ಸಲ ತುಪ್ಪದ ಗಿಂಡಿ ಎಲ್ಲಿದೆ ಅಂತ ತೋರಿಸಲು, ಎರಡನೆಯ ಸಲ ನನ್ನ ಕಿವಿಯಲ್ಲಿ, "ಬ್ಯಾಳಿಗೆ ಉಪ್ಪು ಕಡಿಮಿ ಹಾಕ್ರಿ ಶಾಂತವ್ವಾ, ಅತ್ತಿಯಾರಿಗೆ ಕಾಲ ಬಾವು ಬರತಾವ" ಅಂತ ಹೇಳಲು. ನನ್ನ ಅವ್ವನಿಗೆ ಕಾಲು ಬಾಯುವುದು ನನಗೆ ಗೊತ್ತಿರಲಿಲ್ಲ. ಚಕ್ಕಡಿ ಮಾವಿನ ತೋಪಿನ ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಹಿಂದೆ ತಿರುಗಿ ಏನೇನೋ ಹೇಳುತ್ತಲೇ ಇದ್ದಳು, ಮಳೆಯ ಸಪ್ಪಳದಲ್ಲಿ ಕೇಳಿಸಲಿಲ್ಲ.

ಪಂಚಮಿಯ ದಿನ ಹಂಚು ಇಡಬಾರದು, ಕಡಬು ಕುದಿಸಬೇಕು. ನಾನು ಕುದಿಸಿದ ಹನ್ನೆರಡು ಕಡಬಿನಲ್ಲಿ ಏಳು ಒಡೆದು ಹೂರಣವೆಲ್ಲ ನೀರು ಪಾಲಾಯಿತು. ಜೋಕಾಲಿ ಮರದಲ್ಲಿ ಸುಮ್ಮನೆ ತೂಗಿತು, ನನಗೆ ಅದರ ಹತ್ತಿರ ಹೋಗಲು ಬಿಡುವಾಗಲಿಲ್ಲ. ಆದರೂ ಹೇಳುತ್ತೇನೆ, ಅಷ್ಟು ನಿರಾಳವಾಗಿ ನಾನು ಮತ್ತಾವ ಪಂಚಮಿಯನ್ನೂ ಕಳೆದಿಲ್ಲ. ಅವ್ವ ಒಡೆದ ಕಡಬುಗಳನ್ನೇ ಆರಿಸಿಕೊಂಡು ತಿಂದಳು, ಉಪ್ಪಿಲ್ಲದ ಬೇಳೆಯನ್ನು ಮಾತಿಲ್ಲದೆ ಉಂಡಳು. ಕೈ ತೊಳೆದವಳು ಒಳಗೆ ಬರದೆ ಬಾಗಿಲಲ್ಲೇ ನಿಂತು, ಪಾಳಾದ ಕಡೆಯ ದಾರಿಯನ್ನು ನೋಡಿದಳು.

"ಮಳ್ಯಾಗ ನೆನಕೋತ ಹೋತಲ್ಲ ಹುಡುಗಿ" ಎಂದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತ, ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ, "ಬರೂ ವರ್ಷ ಎರಡು ದಿನ ಮೊದಲ ಕಳಸೂಣು ಅಕೀನ್ನ. ಕರಿಯಾಕ ಯಾರೂ ಬರದಿದ್ರ ನಾನ ಬಿಟ್ಟು ಬರತೇನಿ."